ಡಾಲರ್ ಚಿಹ್ನೆಯ ಹಿಂದಿನ ಗ್ಯಾರಿ ಕಿಲ್ಡಾಲ್

8086 ಲ್ಯಾಬ್ ಮಾಡಿದವರಿಗೆ ಇದು ನೆನಪಿರುತ್ತೆ. ಸ್ಕ್ರೀನ್ ಮೇಲೆ ಒಂದು ಸಾಲು ಪ್ರಿಂಟ್ ಮಾಡ್ಬೇಕು ಅಂದ್ರೆ ಡಿಎಕ್ಸ್ ರಿಜಿಸ್ಟರಿಗೆ ಸ್ಟ್ರಿಂಗಿನ ವಿಳಾಸ ಕೊಡಬೇಕು, ಎಎಚ್‌ಗೆ 9 ಹಾಕಬೇಕು, ಆಮೇಲೆ ಇಂಟ್ 21ಹೆಚ್ ಕರೀಬೇಕು. ಸ್ಟ್ರಿಂಗಿನ ಕೊನೆಗೆ ಒಂದು ಡಾಲರ್ ಚಿಹ್ನೆ ಇರಲೇಬೇಕು. ಮರೆತರೆ ಮೆಮೊರಿಯಲ್ಲಿ ಮುಂದೆ ಇರೋ ಕಸವೆಲ್ಲ ಸ್ಕ್ರೀನ್ ಮೇಲೆ ಸುರಿಯುತ್ತೆ. ಯಾಕೆ 9? ಯಾಕೆ ಡಾಲರ್? ನಾವು ಯಾರೂ ಕೇಳಲಿಲ್ಲ. ರೆಕಾರ್ಡ್ ಬುಕ್ಕಲ್ಲಿ ಬರೆದು ಸಹಿ ಹಾಕಿಸಿಕೊಂಡು ಬಂದ್ವಿ.

ಉತ್ತರ ನನಗೆ ಸಿಕ್ಕಿದ್ದು ಬೇರೆ ಕೆಲಸ ಮಾಡುವಾಗ. ನಮ್ಮ ಪ್ರಾಜೆಕ್ಟಿಗೆ ಹಳೇ ಮೆಷಿನ್‌ಗಳಲ್ಲಿ ಓಪನ್‌ಸ್ಟ್ಯಾಕ್ ಸ್ವಿಫ್ಟ್ ಹಾಕಿದ್ವಿ. ಸ್ವಿಫ್ಟ್ ಅಂದ್ರೆ ಸ್ವಂತವಾಗಿ ನಡೆಸಬಹುದಾದ ಆಬ್ಜೆಕ್ಟ್ ಸ್ಟೋರೇಜ್, 2010ರಲ್ಲಿ ಹೊರಬಂದದ್ದು. ಆದರೆ ನಮಗೆ ಬೇಕಾಗಿದ್ದ ಬ್ಯಾಕಪ್ ಟೂಲಿಗೆ ಸ್ವಿಫ್ಟಿನ ಭಾಷೆ ಬರಲ್ಲ. ಅದಕ್ಕೆ ಗೊತ್ತಿರೋದು 2006ರಲ್ಲಿ ಅಮೆಜಾನ್ ಶುರು ಮಾಡಿದ ಎಸ್3 ಭಾಷೆ ಮಾತ್ರ. ಇದಕ್ಕೆ ಪರಿಹಾರ ಸ್ವಿಫ್ಟಿನ ಜೊತೆಗೇ ಬರೋ ಎಸ್3ಎಪಿಐ ಅನ್ನೋ ಮಿಡಲ್‌ವೇರ್. ಪ್ರಾಕ್ಸಿ ಸರ್ವರಿನ ಕಾನ್ಫಿಗ್ ಫೈಲಿನಲ್ಲಿ ಪೈಪ್‌ಲೈನ್ ಅಂತ ಒಂದು ಸಾಲಿದೆ. ಒಳಗೆ ಬರೋ ಪ್ರತಿ ರಿಕ್ವೆಸ್ಟೂ ಆ ಸಾಲಿನಲ್ಲಿರೋ ಹೆಸರುಗಳನ್ನ ಒಂದೊಂದಾಗಿ ದಾಟಿಕೊಂಡು ಹೋಗುತ್ತೆ. ಅಲ್ಲಿ, ಲಾಗಿನ್ ಪರೀಕ್ಷೆ ಮಾಡೋ ಟೆಂಪ್‌ಆಥ್‌ಗಿಂತ ಮುಂಚೆ, ಎಸ್3ಎಪಿಐ ಸೇರಿಸಬೇಕು. ನಾವು ಹಿಂದೆ ಸೇರಿಸಿ ಒಂದು ಸಂಜೆ ಹಾಳು ಮಾಡಿಕೊಂಡ್ವಿ. ಎಸ್3 ರಿಕ್ವೆಸ್ಟಿನ ಜೊತೆ ಬರೋದು ಟೋಕನ್ ಅಲ್ಲ, ಒಂದು ಸಿಗ್ನೇಚರ್. ಅದನ್ನ ಬಿಡಿಸಿ ಸ್ವಿಫ್ಟಿನ ಭಾಷೆಗೆ ತಿರುಗಿಸದೆ ಮುಂದೆ ಕಳಿಸಿದ್ರೆ ಬಾಗಿಲಲ್ಲಿ ಕೂತವನಿಗೆ ಬಂದವರು ಯಾರು ಅಂತಾನೇ ತಿಳಿಯಲ್ಲ. ಸರಿಯಾದ ಜಾಗದಲ್ಲಿ ಇಟ್ಟ ಮೇಲೆ ಎಲ್ಲ ಸಲೀಸು: ಬಕೆಟ್ ಒಳಗೆ ಹೋಗುವಾಗ ಕಂಟೇನರ್ ಆಗುತ್ತೆ, ದೊಡ್ಡ ಫೈಲನ್ನ ತುಂಡು ತುಂಡಾಗಿ ಕಳಿಸಿದ್ರೆ ಆ ತುಂಡುಗಳಿಗೆ ಅಂತ ಇನ್ನೊಂದು ಕಂಟೇನರ್ ತಾನೇ ಹುಟ್ಟುತ್ತೆ, ಟೂಲ್ ಮಾತ್ರ ತಾನು ಅಮೆಜಾನ್ ಜೊತೆಗೇ ಮಾತಾಡ್ತಾ ಇದ್ದೀನಿ ಅಂದುಕೊಂಡಿರುತ್ತೆ.

ಹೊರಗೆ ಒಬ್ಬರ ಮುಖ, ಒಳಗೆ ಇನ್ನೊಬ್ಬರ ಯಂತ್ರ. ಇದು ಎಲ್ಲಿಂದ ಶುರುವಾಯ್ತು ಅಂತ ಹಿಂದಕ್ಕೆ ಹುಡುಕುತ್ತಾ ಹೋದಾಗ ಸಿಕ್ಕಿದ ಮನುಷ್ಯ ಗ್ಯಾರಿ ಕಿಲ್ಡಾಲ್. ಪದರಗಳನ್ನ ಬೇರೆ ಮಾಡೋ ವಿದ್ಯೆಯಿಂದಲೇ ಶ್ರೀಮಂತರಾದರು, ಅದೇ ವಿದ್ಯೆಯಿಂದಲೇ ಪೆಟ್ಟು ತಿಂದರು.

ಕಿಲ್ಡಾಲ್ ಹುಟ್ಟಿದ್ದು 1942ರ ಮೇ 19ರಂದು, ಅಮೆರಿಕದ ಸಿಯಾಟಲ್‌ನಲ್ಲಿ. ಅವರ ಮನೆಯವರದು ಹಡಗಿನವರಿಗೆ ನಾವಿಗೇಶನ್ ಕಲಿಸೋ ಶಾಲೆ. ತಾತ ಶುರು ಮಾಡಿದ್ದನ್ನ ಅಪ್ಪ ನಡೆಸ್ತಿದ್ರು. ಸಮುದ್ರದ ಮಧ್ಯೆ ನಕ್ಷತ್ರ ನೋಡಿ ತಾನೆಲ್ಲಿದ್ದೀನಿ ಅಂತ ಲೆಕ್ಕ ಹಾಕೋಕೆ ಗೋಳದ ತ್ರಿಕೋನಮಿತಿ ಬೇಕು. ಆ ಲೆಕ್ಕವನ್ನ ತಾನೇ ಮಾಡಿಬಿಡೋ ಒಂದು ಯಂತ್ರ ಇದ್ದಿದ್ರೆ ಅನ್ನೋದು ಅಪ್ಪನ ಆಸೆ. ಮಗ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು ಗಣಿತದ ಮೇಷ್ಟ್ರಾಗೋಣ ಅಂತ. ಅಲ್ಲಿ ಕಂಪ್ಯೂಟರ್ ಸಿಕ್ಕಿತು, ದಾರಿ ತಿರುಗಿತು. ವಿಯೆಟ್ನಾಂ ಯುದ್ಧದ ಕಾಲ, ಕಡ್ಡಾಯ ಸೇನಾ ಸೇವೆ. ಬಂದೂಕು ಹಿಡಿಯೋ ಬದಲು ಕ್ಯಾಲಿಫೋರ್ನಿಯಾದ ಮಾಂಟೆರೇ ಊರಿನ ನೌಕಾಪಡೆಯ ಸ್ನಾತಕೋತ್ತರ ಶಾಲೆಯಲ್ಲಿ ಪಾಠ ಹೇಳೋ ಕೆಲಸ ಸಿಕ್ಕಿತು. ಸೇವೆಯ ಅವಧಿ ಮುಗಿದ ಮೇಲೂ ಅಲ್ಲಿನ ಸಂಬಂಧ ಬಿಡಲಿಲ್ಲ.

1972ರಲ್ಲಿ ಪಿಎಚ್‌ಡಿ ಮುಗೀತು. ಮರುವರ್ಷ ಬಂದ ಅವರ ಪೇಪರ್ ಕಂಪೈಲರ್ ಡಿಸೈನ್ ಓದೋರಿಗೆ ಈಗಲೂ ಬೇಕಾಗುತ್ತೆ. ಪ್ರೋಗ್ರಾಮಿನ ಪ್ರತಿ ಬಿಂದುವಿನಲ್ಲೂ ಯಾವ ವೇರಿಯಬಲ್ ಬಗ್ಗೆ ಏನು ಗೊತ್ತಿದೆ ಅನ್ನೋದನ್ನ ಲ್ಯಾಟಿಸ್ ಮೇಲೆ ಕೂರಿಸಿ, ಬದಲಾವಣೆ ನಿಲ್ಲೋವರೆಗೂ ಸುತ್ತು ಹಾಕಿಸೋ ವಿಧಾನ ಅದು. ಡೇಟಾ ಫ್ಲೋ ಅನಾಲಿಸಿಸ್ ಅಂತ ನಾವು ಓದೋದರ ಬುನಾದಿ ಇದೇ. ಬರೀ ಇಷ್ಟೇ ಮಾಡಿದ್ರೂ ಕಿಲ್ಡಾಲ್ ಹೆಸರು ಉಳೀತಿತ್ತು. ಡಾಸ್ ಕಥೆ ಹೇಳೋರು ಇದನ್ನ ಯಾವಾಗಲೂ ಬಿಟ್ಟುಬಿಡ್ತಾರೆ. ಅವರನ್ನ ಬರೀ ಅದೃಷ್ಟ ತಪ್ಪಿದ ವ್ಯಾಪಾರಿ ಅನ್ನೋ ಹಾಗೆ ತೋರಿಸ್ತಾರೆ.

ಅಷ್ಟರಲ್ಲಿ ಇಂಟೆಲ್ 4004 ಚಿಪ್ ಬಂದಿತ್ತು. ಕಿಲ್ಡಾಲ್ ಒಂದನ್ನ ತರಿಸಿಕೊಂಡು ಸೈನ್, ಕೊಸೈನ್ ಲೆಕ್ಕ ಬರೆಯೋಕೆ ಕೂತರು. ಅಪ್ಪನ ಯಂತ್ರ ತಲೆಯಲ್ಲಿತ್ತು. ಹಾಗೇ ಇಂಟೆಲ್ ಜೊತೆ ಪರಿಚಯ ಬೆಳೀತು, ಬಿಡುವಿನ ದಿನಗಳಲ್ಲಿ ಅಲ್ಲಿ ಕನ್ಸಲ್ಟೆಂಟ್ ಆದರು. 8008, 8080 ಚಿಪ್‌ಗಳಿಗೆ ಪಿಎಲ್/ಎಂ ಅನ್ನೋ ಭಾಷೆ ಮಾಡಿಕೊಟ್ಟರು. ಅಸೆಂಬ್ಲಿ ಬಿಟ್ಟು ಮೇಲ್ಮಟ್ಟದ ಭಾಷೆಯಲ್ಲಿ ಮೈಕ್ರೋಪ್ರೊಸೆಸರಿಗೆ ಬರೆಯಬಹುದು ಅಂತ ತೋರಿಸಿದ್ದು ಆಗ ದೊಡ್ಡ ಸಂಗತಿ. ಆದರೆ ಕಂಪೈಲರ್ ಓಡ್ತಿದ್ದದ್ದು ದೊಡ್ಡ ಟೈಮ್‌ಶೇರಿಂಗ್ ಕಂಪ್ಯೂಟರ್ ಮೇಲೆ. ಕೋಡನ್ನ ಅಲ್ಲಿ ತಯಾರಿಸಿ, ಪೇಪರ್ ಟೇಪಲ್ಲಿ ತೂತು ಹೊಡೆದು, ಚಿಕ್ಕ ಯಂತ್ರಕ್ಕೆ ತಿನ್ನಿಸಬೇಕು. ಟೆಲಿಟೈಪ್ ಆ ಟೇಪ್ ಓದೋದು ಸೆಕೆಂಡಿಗೆ ಹತ್ತು ಅಕ್ಷರ. ಕಾಫಿ ಕುಡಿದು ಬಂದ್ರೂ ಮುಗಿದಿರಲ್ಲ.

ಹಾಗಾಗಿ ಶುಗಾರ್ಟ್ ಕಂಪನಿಯ ಒಂದು ಫ್ಲಾಪಿ ಡ್ರೈವ್ ಸಂಪಾದಿಸಿದರು. ಡ್ರೈವ್ ಇತ್ತು, ಅದನ್ನ ಓಡಿಸೋ ಕಂಟ್ರೋಲರ್ ಇರಲಿಲ್ಲ. ಹಾರ್ಡ್‌ವೇರ್ ಅವರಿಗೆ ಒಗ್ಗಲಿಲ್ಲ. ಕೊನೆಗೆ ಸ್ನೇಹಿತ ಜಾನ್ ಟೊರೋಡ್ ಕಂಟ್ರೋಲರ್ ಕಟ್ಟಿಕೊಟ್ಟರು. 1974ರಲ್ಲಿ, ಪೆಸಿಫಿಕ್ ಗ್ರೋವ್ ಅನ್ನೋ ಪುಟ್ಟ ಊರಿನ ಮನೆಯಲ್ಲಿ, ಫ್ಲಾಪಿಯಿಂದ ಓಡೋ ಆಪರೇಟಿಂಗ್ ಸಿಸ್ಟಮ್ ಮೊದಲ ಸಲ ಎದ್ದು ನಿಂತಿತು. ಹೆಸರು ಸಿಪಿ/ಎಂ. ಇಂಟೆಲ್‌ಗೆ ತೋರಿಸಿದರು, ಅವರಿಗೆ ಪಿಎಲ್/ಎಂ ಸಾಕಾಗಿತ್ತು, ಇದು ಬೇಡವಾಯ್ತು. ಸರಿ ಅಂತ ಹೆಂಡತಿ ಡೊರೊಥಿ ಮೆಕ್ಯೂಯೆನ್ ಜೊತೆ ಸೇರಿ ಸ್ವಂತ ಕಂಪನಿ ತೆರೆದರು. ಡಿಜಿಟಲ್ ರಿಸರ್ಚ್ ಅನ್ನೋ ಹೆಸರು ಆಗಲೇ ಬೇರೆಯವರ ಹತ್ತಿರ ಇದ್ದಿದ್ದರಿಂದ ಮೊದಲಿಗೆ ಇಂಟರ್‌ಗೆಲಾಕ್ಟಿಕ್ ಡಿಜಿಟಲ್ ರಿಸರ್ಚ್ ಅಂತ ಇಟ್ಟುಕೊಂಡರು. ಕಾಲೇಜು ಫೆಸ್ಟಿಗೆ ಇಡೋ ಹೆಸರಿನ ಹಾಗಿದೆ, ಅಲ್ವಾ?

ಈಗ ಮುಖ್ಯ ವಿಷಯ. ಆಗ ಚಿಕ್ಕ ಕಂಪ್ಯೂಟರ್ ಮಾಡೋ ಕಂಪನಿಗಳು ಅಣಬೆ ಥರ ಏಳ್ತಿದ್ವು, ಪ್ರತಿಯೊಬ್ಬರ ಡಿಸ್ಕ್ ಕಂಟ್ರೋಲರ್ ಬೇರೆ, ಟರ್ಮಿನಲ್ ಬೇರೆ. ಪ್ರತಿಯೊಂದಕ್ಕೂ ಸಿಪಿ/ಎಂ ಅನ್ನು ಮೊದಲಿಂದ ತಿದ್ದಿ ತಿದ್ದಿ ಕಿಲ್ಡಾಲ್‌ಗೆ ಸಾಕಾಯ್ತು. ಇಮ್ಸಾಯ್ ಕಂಪನಿಯ ಯಂತ್ರಕ್ಕೆ ಹೊಂದಿಸೋ ಹೊತ್ತಿಗೆ ಅವರು ಮಾಡಿದ ಕೆಲಸ ಒಂದೇ: ಹಾರ್ಡ್‌ವೇರ್ ಮುಟ್ಟೋ ಕೋಡನ್ನೆಲ್ಲ ಕಿತ್ತು ಒಂದು ಮೂಲೆಗೆ ಹಾಕಿದರು. ಅದಕ್ಕೆ ಬಯೋಸ್ ಅಂತ ಹೆಸರಿಟ್ಟರು. ಹೌದು, ನಿಮ್ಮ ಲ್ಯಾಪ್‌ಟಾಪ್ ಆನ್ ಆಗೋವಾಗ ಡಿಲೀಟ್ ಕೀ ಒತ್ತಿ ಹೋಗ್ತೀರಲ್ಲ, ಆ ಪದ ಹುಟ್ಟಿದ್ದು ಇಲ್ಲೇ.

ಸಿಪಿ/ಎಂ 2.2ರಲ್ಲಿ ಬಯೋಸ್ ಅಂದ್ರೆ 17 ಜಂಪ್‌ಗಳ ಒಂದು ಪಟ್ಟಿ. ಒಂದು ಅಕ್ಷರ ಓದು, ಒಂದು ಅಕ್ಷರ ಬರಿ, ಡ್ರೈವ್ ಆರಿಸು, ಟ್ರ್ಯಾಕ್ ಹೇಳು, ಸೆಕ್ಟರ್ ಹೇಳು, ಓದು, ಬರಿ, ಹೀಗೆ. ಹೊಸ ಯಂತ್ರ ಮಾಡಿದವರು ಈ 17 ಪುಟ್ಟ ರೊಟೀನ್ ಬರೆದರೆ ಮುಗೀತು. ಮೇಲಿರೋ ಬಿಡಾಸ್, ಅಂದ್ರೆ ಫೈಲ್, ಡೈರೆಕ್ಟರಿ ನೋಡಿಕೊಳ್ಳೋ ಭಾಗ, ಒಂದು ಬೈಟೂ ಬದಲಾಗಲ್ಲ. ಆ ಬಿಡಾಸ್ ಮೂರೂವರೆ ಕಿಲೋಬೈಟ್, ಕಮಾಂಡ್ ಓದೋ ಭಾಗ ಎರಡು ಕಿಲೋಬೈಟ್. ನಿಮ್ಮ ಮೊಬೈಲಿನ ಒಂದು ಸ್ಟಿಕ್ಕರ್ ಇದಕ್ಕಿಂತ ದೊಡ್ಡದು.

ಕೆಳಗೊಂದು ಗೆರೆ ಎಳೆದ ಹಾಗೆ ಮೇಲೂ ಒಂದು ಗೆರೆ ಇತ್ತು. ಅಪ್ಲಿಕೇಶನ್ ಪ್ರೋಗ್ರಾಮ್ ಏನೇ ಬೇಕಾದ್ರೂ ಸಿ ರಿಜಿಸ್ಟರಿಗೆ ಫಂಕ್ಷನ್ ನಂಬರ್ ಹಾಕಿ, ಡಿಇ ಜೋಡಿಗೆ ವಿಳಾಸ ಹಾಕಿ, ಮೆಮೊರಿಯ 5ನೇ ವಿಳಾಸವನ್ನ ಕಾಲ್ ಮಾಡಬೇಕು. 1 ಅಂದ್ರೆ ಕೀ ಓದು, 2 ಅಂದ್ರೆ ಅಕ್ಷರ ತೋರಿಸು, 9 ಅಂದ್ರೆ ಡಾಲರ್ ಸಿಗೋವರೆಗೂ ಸ್ಟ್ರಿಂಗ್ ತೋರಿಸು, 10 ಅಂದ್ರೆ ಒಂದು ಸಾಲು ಓದು, 15 ಅಂದ್ರೆ ಫೈಲ್ ತೆರಿ. ಸಿಕ್ಕಿತಲ್ಲ ನಮ್ಮ ಡಾಲರ್!

ಈ ಎರಡು ಗೆರೆಗಳ ನಡುವೆ ಒಂದು ಉದ್ಯಮವೇ ಹುಟ್ಟಿತು. ವರ್ಡ್‌ಸ್ಟಾರ್ ಬರೆದವರಿಗೆ ಯಾವ ಕಂಪನಿಯ ಯಂತ್ರ ಅಂತ ಯೋಚಿಸಬೇಕಾಗಿರಲಿಲ್ಲ. ಯಂತ್ರ ಮಾಡಿದವರಿಗೆ ಸಾಫ್ಟ್‌ವೇರ್ ಎಲ್ಲಿಂದ ತರೋದು ಅನ್ನೋ ಚಿಂತೆ ಇರಲಿಲ್ಲ. ಆಪಲ್ 2 ಯಂತ್ರದೊಳಗೆ ಸಿಪಿ/ಎಂ ಓಡಿಸೋಕೆ ಝಡ್80 ಚಿಪ್ ಇರೋ ಒಂದು ಕಾರ್ಡನ್ನ 1980ರಲ್ಲಿ ಮಾರಿದ್ದು ಬೇರೆ ಯಾರೂ ಅಲ್ಲ, ಮೈಕ್ರೋಸಾಫ್ಟ್. ಒಂದು ಮಾತು ನೆನಪಿಡಿ: ಕಿಲ್ಡಾಲ್ ಕೂಡ ಎಲ್ಲವನ್ನೂ ಶೂನ್ಯದಿಂದ ಮಾಡಲಿಲ್ಲ. ಫೈಲ್ ನಕಲು ಮಾಡೋ ಪಿಪ್ ಕಮಾಂಡಿನ ಹೆಸರು ಡೆಕ್ ಕಂಪನಿಯ ಕಂಪ್ಯೂಟರುಗಳಿಂದ ಬಂದಿದ್ದು. ಕೈಗೆ ಅಭ್ಯಾಸ ಆಗಿದ್ದನ್ನ ಎಲ್ಲರೂ ಎತ್ತಿಕೊಳ್ತಾರೆ.

ಆದರೆ ಗೆರೆ ಎಳೆದವರು ಒಂದು ವಿಷಯ ಗಮನಿಸಬೇಕಿತ್ತು. ಕೆಳಗಿನ ಯಂತ್ರವನ್ನ ಬದಲಾಯಿಸಬಹುದು ಅಂದ್ರೆ ಮಧ್ಯದ ಸಿಪಿ/ಎಂ ಅನ್ನೂ ಬದಲಾಯಿಸಬಹುದು. ಮೇಲಿನ ಗೆರೆ ಹಾಗೇ ಉಳಿದರೆ ಪ್ರೋಗ್ರಾಮಿಗೆ ಗೊತ್ತೇ ಆಗಲ್ಲ.

1978ರಲ್ಲಿ ಇಂಟೆಲ್ 8086 ಬಂತು. ಅದಕ್ಕೆ ಬೇಕಾದ ಸಿಪಿ/ಎಂ-86 ತಡವಾಗ್ತಾ ಹೋಯ್ತು. ಸಿಯಾಟಲ್‌ನಲ್ಲೇ, ಕಿಲ್ಡಾಲ್ ಹುಟ್ಟಿದ ಊರಲ್ಲೇ, ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಅನ್ನೋ ಚಿಕ್ಕ ಕಂಪನಿ 8086 ಬೋರ್ಡ್ ಮಾಡಿಟ್ಟುಕೊಂಡು ಆಪರೇಟಿಂಗ್ ಸಿಸ್ಟಮ್‌ಗೆ ಕಾಯ್ತಾ ಕೂತಿತ್ತು. ಕಾದು ಕಾದು ಅಲ್ಲಿನ ಎಂಜಿನಿಯರ್ ಟಿಮ್ ಪ್ಯಾಟರ್ಸನ್ 1980ರಲ್ಲಿ ತಾವೇ ಒಂದನ್ನ ಬರೆದರು. ಸಿಪಿ/ಎಂ ಸೋರ್ಸ್ ನೋಡಲಿಲ್ಲ, ಕೈಪಿಡಿ ಮಾತ್ರ ಮುಂದಿಟ್ಟುಕೊಂಡೆ ಅನ್ನೋದು ಅವರ ನಿಲುವು. ಉದ್ದೇಶ ಸರಳ: ಹಳೇ 8080 ಪ್ರೋಗ್ರಾಮ್‌ಗಳನ್ನ ಟ್ರಾನ್ಸ್‌ಲೇಟರ್ ಮೂಲಕ 8086ಗೆ ತಂದರೆ ಅವು ಓಡಬೇಕು. ಹಾಗಾಗಿ ಫಂಕ್ಷನ್ ನಂಬರುಗಳು ಅವೇ. 9 ಅಂದ್ರೆ 9, ಡಾಲರ್ ಅಂದ್ರೆ ಡಾಲರ್. ಹಳೇ ಡಿಇ ಜೋಡಿ ಡಿಎಕ್ಸ್ ಆಯ್ತು, ನಾವು ಲ್ಯಾಬಲ್ಲಿ ಬರೀತೀವಲ್ಲ ಅದೇ. ಪ್ರೋಗ್ರಾಮ್ ಲೋಡ್ ಆಗೋದು ಅದೇ 100 ಹೆಕ್ಸ್ ವಿಳಾಸದಲ್ಲಿ. ಅದರ ಹಿಂದಿನ 256 ಬೈಟಿನಲ್ಲಿ, ಸರಿಯಾಗಿ 5ನೇ ಜಾಗದಲ್ಲಿ, ಹಳೇ ಸಿಪಿ/ಎಂ ರೀತಿ ಕರೆಯೋರಿಗಾಗಿ ಒಂದು ಕಾಲ್ ಇಟ್ಟಿದ್ದಾರೆ. ಆದರೆ ಒಳಗಡೆ ಎಲ್ಲ ಬೇರೆ. ಡಿಸ್ಕ್ ಮೇಲೆ ಫೈಲ್ ಇಡೋ ರೀತಿ ಸಿಪಿ/ಎಂನದಲ್ಲ, ಫ್ಯಾಟ್. ನಮ್ಮ ಸ್ವಿಫ್ಟ್ ಹೊರಗೆ ಎಸ್3 ಆಗಿ ಒಳಗೆ ಸ್ವಿಫ್ಟಾಗೇ ಇರೋ ಹಾಗೆ.

ಅದೇ 1980ರಲ್ಲಿ ಐಬಿಎಂ ಗುಟ್ಟಾಗಿ ಪರ್ಸನಲ್ ಕಂಪ್ಯೂಟರ್ ಮಾಡ್ತಾ ಇತ್ತು. ಮೈಕ್ರೋಸಾಫ್ಟ್ ಹತ್ತಿರ ಹೋದಾಗ ಆಪರೇಟಿಂಗ್ ಸಿಸ್ಟಮ್‌ಗೆ ಡಿಜಿಟಲ್ ರಿಸರ್ಚ್ ನೋಡಿ ಅಂತ ಬಿಲ್ ಗೇಟ್ಸ್ ಕಳಿಸಿದರು. ಐಬಿಎಂನವರು ಪೆಸಿಫಿಕ್ ಗ್ರೋವ್‌ಗೆ ಬಂದ ಬೆಳಿಗ್ಗೆ ಕಿಲ್ಡಾಲ್ ತಮ್ಮ ವಿಮಾನದಲ್ಲಿ ಇನ್ನೊಬ್ಬ ಗ್ರಾಹಕರನ್ನ ನೋಡೋಕೆ ಹೋಗಿದ್ದರು. ವ್ಯವಹಾರದ ಮಾತು ಯಾವಾಗಲೂ ಡೊರೊಥಿಯವರ ಪಾಲು. ಐಬಿಎಂ ಮುಂದಿಟ್ಟ ಗೋಪ್ಯತಾ ಒಪ್ಪಂದ ಪೂರ್ತಿ ಒಂದೇ ಕಡೆಗೆ ವಾಲಿದ್ದರಿಂದ ವಕೀಲರನ್ನ ಕೇಳಿದರು, ಸಹಿಗೆ ಹಿಂಜರಿದರು. ಮಧ್ಯಾಹ್ನ ಕಿಲ್ಡಾಲ್ ಬಂದು ಸೇರಿಕೊಂಡರೋ ಇಲ್ಲವೋ, ಕೈ ಕುಲುಕಿದರೋ ಇಲ್ಲವೋ ಅನ್ನೋದರಲ್ಲಿ ಅಲ್ಲಿದ್ದವರ ಮಾತುಗಳೇ ಒಂದಕ್ಕೊಂದು ಹೊಂದಲ್ಲ. ಆದರೆ ಜನರ ಬಾಯಲ್ಲಿ ಉಳಿದದ್ದು ಒಂದೇ ಕಥೆ: ಐಬಿಎಂ ಬಾಗಿಲು ತಟ್ಟಿದಾಗ ಆಸಾಮಿ ಮೋಜಿಗೆ ವಿಮಾನ ಹಾರಿಸ್ತಿದ್ದ ಅಂತ. ಅವತ್ತು ಹೋಗಿದ್ದು ಕೆಲಸಕ್ಕೆ. ಈ ಒಂದು ಸುಳ್ಳು ಅವರನ್ನ ಜೀವನವಿಡೀ ಬೆನ್ನಟ್ಟಿತು. ನನಗನಿಸೋದು, ಆ ಬೆಳಿಗ್ಗೆಗಿಂತ ದೊಡ್ಡ ತಪ್ಪು ಸಿಪಿ/ಎಂ-86 ತಡವಾಗಿದ್ದು. ಅದು ಸಮಯಕ್ಕೆ ಬಂದಿದ್ರೆ ಪ್ಯಾಟರ್ಸನ್ ಬರೆಯೋ ಅಗತ್ಯವೇ ಇರ್ತಿರಲಿಲ್ಲ.

ಮುಂದಿನದು ಗೊತ್ತಿರೋ ಕಥೆ. ಮೈಕ್ರೋಸಾಫ್ಟ್ ಮೊದಲು ಪ್ಯಾಟರ್ಸನ್ ಸಿಸ್ಟಮಿನ ಲೈಸೆನ್ಸ್ ತಗೊಂಡಿತು, 1981ರ ಜುಲೈನಲ್ಲಿ 50,000 ಡಾಲರ್ ಕೊಟ್ಟು ಹಕ್ಕನ್ನೇ ಕೊಂಡುಕೊಂಡಿತು. ಆಗಸ್ಟ್ 12ಕ್ಕೆ ಐಬಿಎಂ ಪಿಸಿ ಬಂತು, ಜೊತೆಗೆ ಪಿಸಿ ಡಾಸ್. ಕಿಲ್ಡಾಲ್ ಅದನ್ನ ನೋಡಿದಾಗ ತಮ್ಮ ಮನೆಯ ಬಾಗಿಲು ಇನ್ನೊಬ್ಬರ ಮನೆಗೆ ಹಾಕಿದ ಹಾಗಿತ್ತು. ಕೇಸ್ ಹಾಕ್ತೀನಿ ಅಂದರು. ಫಂಕ್ಷನ್ ನಂಬರುಗಳ ಪಟ್ಟಿ ಯಾರ ಸ್ವತ್ತು ಅಂತ ಆಗಿನ ಕಾನೂನಿನಲ್ಲಿ ಸ್ಪಷ್ಟ ಇರಲಿಲ್ಲ. ಕೊನೆಗೆ ರಾಜಿ: ಐಬಿಎಂ ಸಿಪಿ/ಎಂ-86 ಅನ್ನೂ ಮಾರುತ್ತೆ, ಇವರು ಕೇಸ್ ಬಿಡ್ತಾರೆ. ಅಂಗಡಿಗೆ ಬಂದಾಗ ಪಿಸಿ ಡಾಸ್ ಬೆಲೆ 40 ಡಾಲರ್, ಸಿಪಿ/ಎಂ-86 ಬೆಲೆ 240 ಡಾಲರ್. ಯಾವುದು ಹೋಯ್ತು ಅಂತ ಹೇಳೋದೇ ಬೇಡ.

ಅಂದ ಹಾಗೆ, ಈ ಪ್ರಶ್ನೆ 40 ವರ್ಷ ಆದ್ರೂ ಪೂರ್ತಿ ಮುಗಿದಿಲ್ಲ. ಜಾವಾ ಎಪಿಐನ ಸುಮಾರು 11,500 ಸಾಲು ಗೂಗಲ್ ಆಂಡ್ರಾಯ್ಡ್‌ಗೆ ತಗೊಂಡಿದ್ದು ನ್ಯಾಯವಾದ ಬಳಕೆ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಎಪಿಐಗೆ ಕಾಪಿರೈಟ್ ಇದೆಯೋ ಇಲ್ಲವೋ ಅನ್ನೋ ಮೂಲ ಪ್ರಶ್ನೆಯನ್ನ ಮಾತ್ರ ಮುಟ್ಟಲಿಲ್ಲ.

ಕಿಲ್ಡಾಲ್ ಆಮೇಲೆ ಸುಮ್ಮನೆ ಕೂತವರಲ್ಲ. ಕಂಪನಿ ಆಗಲೂ ದೊಡ್ಡದೇ; ಅವರು ಬಡವರೂ ಆಗಲಿಲ್ಲ, ವಿಮಾನ, ಮೋಟರ್‌ಸೈಕಲ್ ಎಲ್ಲ ಇದ್ವು. ಒಂದೇ ಹೊತ್ತಿಗೆ ಹಲವು ಕೆಲಸ ಮಾಡೋ ಆಪರೇಟಿಂಗ್ ಸಿಸ್ಟಮ್‌ಗಳು, ಜೆಮ್ ಅನ್ನೋ ಕಿಟಕಿ-ಮೌಸಿನ ಪರದೆ, ಎಲ್ಲ ಅವರ ಕಂಪನಿಯಿಂದ ಬಂದ್ವು. 1985ರಲ್ಲಿ ಗ್ರೋಲಿಯರ್ ವಿಶ್ವಕೋಶವನ್ನ ಸಿಡಿ-ರಾಮ್ ಮೇಲೆ ತಂದದ್ದು ಅವರ ಇನ್ನೊಂದು ಕಂಪನಿ. ಕಂಪ್ಯೂಟರ್ ಕ್ರಾನಿಕಲ್ಸ್ ಅನ್ನೋ ಟಿವಿ ಕಾರ್ಯಕ್ರಮದಲ್ಲಿ ವರ್ಷಗಟ್ಟಲೆ ಸಹ ನಿರೂಪಕರಾಗಿದ್ದರು. ಹಳೇ ಎಪಿಸೋಡ್‌ಗಳನ್ನ ಈಗಲೂ ನೋಡಬಹುದು. ಬೇರೆ ಕಂಪನಿಯವರು ತಂದ ಸಾಮಾನನ್ನ ಮೇಷ್ಟ್ರ ಥರ ಕುತೂಹಲದಿಂದ ಪ್ರಶ್ನೆ ಕೇಳ್ತಾ ನೋಡ್ತಾರೆ, ಹೊಟ್ಟೆಕಿಚ್ಚು ಕಾಣಲ್ಲ.

ಕಥೆಯ ವಿಚಿತ್ರ ತಿರುವು 1988ರಲ್ಲಿ. ಅಷ್ಟರಲ್ಲಿ ಜಗತ್ತೆಲ್ಲ ಎಂಎಸ್ ಡಾಸ್ ಮೇಲಿತ್ತು. ಡಿಜಿಟಲ್ ರಿಸರ್ಚ್ ಡಿಆರ್ ಡಾಸ್ ತಂದಿತು: ಎಂಎಸ್ ಡಾಸ್ ಪ್ರೋಗ್ರಾಮ್‌ಗಳನ್ನ ಹಾಗೇ ಓಡಿಸೋ ಸಿಸ್ಟಮ್. ತಮ್ಮನ್ನ ಅನುಕರಿಸಿ ಗೆದ್ದವರನ್ನ ಈಗ ಇವರು ಅನುಕರಿಸಬೇಕಾಯ್ತು. 9ನೇ ಫಂಕ್ಷನ್, ಡಾಲರ್ ಚಿಹ್ನೆ, ಎಲ್ಲ ಹೊರಟ ಮನೆಗೇ ವಾಪಸ್ ಬಂತು. ಅದು ಚೆನ್ನಾಗೂ ಇತ್ತು. ಕೆಲವು ಸೌಲಭ್ಯ ಮೂಲಕ್ಕಿಂತ ಮೊದಲೇ ಬಂದ್ವು. ಆಗ ವಿಂಡೋಸ್ 3.1ರ ಬೀಟಾ ಆವೃತ್ತಿಯೊಳಗೆ ಒಂದು ಗುಪ್ತ ಪರೀಕ್ಷೆ ಕಾಣಿಸಿಕೊಂಡಿತು. ಕೆಳಗಿರೋದು ನಿಜವಾದ ಎಂಎಸ್ ಡಾಸ್ ಅಲ್ಲ ಅಂತ ಪತ್ತೆಯಾದರೆ ಅರ್ಥವಾಗದ ಒಂದು ಎರರ್ ತೋರಿಸೋದು. ಮಾರಾಟದ ಆವೃತ್ತಿಯಲ್ಲಿ ಆ ಕೋಡ್ ಇತ್ತು, ಆದರೆ ಆಫ್ ಮಾಡಿದ್ದರು. ಇದರ ಮೇಲೆ ಕೇಸ್ ಬಿದ್ದದ್ದು 1996ರಲ್ಲಿ, ರಾಜಿಯಾದದ್ದು 2000ದಲ್ಲಿ. ಕಿಲ್ಡಾಲ್ ಆಗ ಇರಲಿಲ್ಲ. ಕಂಪನಿಯೂ 1991ರಲ್ಲೇ ನಾವೆಲ್ ಕೈಗೆ ಹೋಗಿತ್ತು.

1992ರಲ್ಲಿ ಅವರು ಓದಿದ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗಕ್ಕೆ 25 ವರ್ಷ ತುಂಬಿತು. ಹಳೇ ವಿದ್ಯಾರ್ಥಿಯಾಗಿ ಇವರಿಗೂ ಕರೆ ಬಂತು. ಮುಖ್ಯ ಭಾಷಣ ಮಾತ್ರ ಬಿಲ್ ಗೇಟ್ಸ್ ಅವರದು, ಆ ವಿಭಾಗದಲ್ಲಿ ಒಂದು ದಿನವೂ ಓದದವರು. ಇದು ಕಿಲ್ಡಾಲ್‌ಗೆ ತುಂಬ ನೋವಾಯ್ತು. ಅದೇ ಸಿಟ್ಟಿನಲ್ಲಿ ತಮ್ಮ ಕಥೆ ಬರೆಯೋಕೆ ಶುರು ಮಾಡಿ, ಹಸ್ತಪ್ರತಿಯನ್ನ ಮನೆಯವರಿಗೂ ಹತ್ತಿರದ ಸ್ನೇಹಿತರಿಗೂ ಹಂಚಿದರು. ಪುಸ್ತಕ ಆಗಲಿಲ್ಲ. ಕೊನೆಯ ವರ್ಷಗಳಲ್ಲಿ ಕುಡಿತ ಹೆಚ್ಚಾಗಿತ್ತು. 1994ರ ಜುಲೈ 8ರಂದು ಮಾಂಟೆರೇಯ ಒಂದು ಬಾರಿನಲ್ಲಿ ತಲೆಗೆ ಪೆಟ್ಟಾಯ್ತು. ಬಿದ್ದರೋ, ಯಾರಾದರೂ ಹೊಡೆದರೋ, ಇವತ್ತಿಗೂ ಇತ್ಯರ್ಥ ಆಗಿಲ್ಲ. ಮೂರು ದಿನದ ಮೇಲೆ ತೀರಿಕೊಂಡರು. ವಯಸ್ಸು 52.

ಅವರನ್ನ ಸಿಯಾಟಲ್‌ಗೆ ಒಯ್ದು ಮಣ್ಣು ಮಾಡಿದರು. ಹಸ್ತಪ್ರತಿಯ ಮೊದಲ ಭಾಗವನ್ನ ಮಕ್ಕಳು 2016ರಲ್ಲಿ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಮೂಲಕ ಹೊರಗೆ ಬಿಟ್ಟರು. ಪುಕ್ಕಟೆ ಸಿಗುತ್ತೆ, ಓದಿ. ನಾವಿಗೇಶನ್ ಶಾಲೆ, ಪೇಪರ್ ಟೇಪ್ ಎಲ್ಲ ಅದರಲ್ಲಿದೆ. ಕೊನೆಯ ಭಾಗವನ್ನ ಅವರು ಕೊಡಲಿಲ್ಲ. ಅದಕ್ಕೆ ಎರಡು ವರ್ಷ ಮುಂಚೆ, 2014ರ ಏಪ್ರಿಲ್‌ನಲ್ಲಿ, ಪೆಸಿಫಿಕ್ ಗ್ರೋವ್‌ನ ಲೈಟ್‌ಹೌಸ್ ಅವೆನ್ಯೂನಲ್ಲಿ, ಡಿಜಿಟಲ್ ರಿಸರ್ಚಿನ ಹಳೇ ಆಫೀಸಾಗಿದ್ದ ಮನೆ ಮುಂದೆ ಐಇಇಇ ಒಂದು ಫಲಕ ಹಾಕಿದೆ.